ಅಪ್ಪನ ಕಾರಿನಲ್ಲಿ ಆಯಿಯ ಕ್ಯಾಸೆಟ್ ಹಚ್ಚಿದ್ದು

ಅಪ್ಪನ ಮಾರುತಿ 800ರ ಡ್ಯಾಶ್‌ಬೋರ್ಡ್ ಖಾನೆಯಲ್ಲಿ ಎರಡು ಕ್ಯಾಸೆಟ್ ಇದ್ದವು. ಒಂದು ಸಿನಿಮಾ ಹಾಡಿನದು, ಡಬ್ಬಿ ಇಲ್ಲ. ಇನ್ನೊಂದರ ಮೇಲೆ ನೀಲಿ ಪೆನ್ನಿನಲ್ಲಿ ಅಪ್ಪನ ಅಕ್ಷರ: ‘ಅತ್ತಿ ಪದ, 1994’. ಅಪ್ಪನಿಗೆ ಅತ್ತಿ ಅಂದರೆ ನನ್ನ ಅವ್ವನ ಅವ್ವ. ನಮಗೆಲ್ಲ ಆಯಿ.

ಚಿಕ್ಕವ್ವನ ಮದುವೆಗೆ ಎರಡು ದಿನ ಮುಂಚೆ, ಜೇವರ್ಗಿ ಕಡೆಯ ನಮ್ಮ ಹಳ್ಳಿ ಮನೆಯಲ್ಲಿ ಆಯಿ ಬೀಸುಕಲ್ಲಿನ ಮುಂದೆ ಕೂತು ಪದ ಹಾಡಿದ್ದಳು. ಹಿಟ್ಟಿನ ಗಿರಣಿ ಊರಿಗೆ ಬಂದು ಎಷ್ಟೋ ವರ್ಷ ಆಗಿತ್ತು. ಆದರೂ ಮದುವೆ ಮನೆಯಲ್ಲಿ ಶಾಸ್ತ್ರಕ್ಕೆ ಅಂತ ಬೀಸುವುದು ಇತ್ತು. ಅಪ್ಪ ತಮ್ಮ ಟೂ-ಇನ್-ಒನ್, ಅಂದರೆ ರೇಡಿಯೋ ಮತ್ತು ಟೇಪ್ ರೆಕಾರ್ಡರ್ ಎರಡೂ ಇರುವ ಪೆಟ್ಟಿಗೆ, ಪಕ್ಕದಲ್ಲಿಟ್ಟು ಅದನ್ನೆಲ್ಲ ಟೇಪ್ ಮಾಡಿಕೊಂಡಿದ್ದರು. ಆಮೇಲೆ ಕಾರು ಬಂತು. ಕಲಬುರಗಿಯಿಂದ ಹಳ್ಳಿಗೆ ಹೋಗುವಾಗಲೆಲ್ಲ ಕಟ್ಟಿ ಸಂಗಾವಿ ಹತ್ತಿರ ಭೀಮಾ ನದಿಯ ಸೇತುವೆ ಬಂದರೆ ಸಾಕು, ಅಪ್ಪ ಸಿನಿಮಾ ಹಾಡು ತೆಗೆದು ಆಯಿಯ ಕ್ಯಾಸೆಟ್ ಹಚ್ಚಿಸುತ್ತಿದ್ದರು. ಹಚ್ಚುವ ಕೆಲಸ ನನ್ನದು. ನಾನು ಮುಂದಿನ ಸೀಟು, ಅವ್ವ ಮತ್ತು ತಮ್ಮ ಹಿಂದೆ.

2016ರಲ್ಲಿ ಅಪ್ಪ ಹೋದರು. ಆಯಿ ಅದಕ್ಕೂ ಮುಂಚೆಯೇ ಹೋಗಿದ್ದಳು. ಕಾರನ್ನು ಮಾರಲಿಲ್ಲ. ಮತ್ತೆ ಪಾಸಿಂಗ್ ಮಾಡಿಸಿ ಇಟ್ಟುಕೊಂಡೆವು. ಸ್ಟೀರಿಯೋ ಮಾತ್ರ ಯಾರೂ ಮುಟ್ಟಲಿಲ್ಲ. ಎಲ್ಲರ ಕೈಯಲ್ಲೂ ಮೊಬೈಲ್ ಇತ್ತಲ್ಲ.

ಹೋದ ಏಪ್ರಿಲ್‌ನಲ್ಲಿ ಒಂದು ಮಧ್ಯಾಹ್ನ ಅವ್ವ ಇದ್ದಕ್ಕಿದ್ದಂತೆ ಕೇಳಿದಳು: “ಆ ಕ್ಯಾಸೆಟ್ ಇನ್ನಾ ಅದ ಏನವಾ? ಒಮ್ಮೆ ನಮ್ಮವ್ವನ ದನಿ ಕೇಳಬೇಕು ಅನಸಕತ್ತದ.”

ಮನೆಯಲ್ಲಿದ್ದ ಟೂ-ಇನ್-ಒನ್ ಎಂದೋ ಗುಜರಿಗೆ ಹೋಗಿತ್ತು. ಕ್ಯಾಸೆಟ್ ಓಡಿಸುವ ಯಂತ್ರ ಅಂತ ನಮ್ಮಲ್ಲಿ ಉಳಿದಿದ್ದು ಕಾರಿನದು ಒಂದೇ. ಅವತ್ತೇ ಸಂಜೆ ಶುರು ಮಾಡಿದೆ. ಅರ್ಧ ಗಂಟೆಯ ಕೆಲಸ ಅಂದುಕೊಂಡಿದ್ದೆ. ಮೂರು ವಾರ ಹಿಡಿಯಿತು.

ಮೊದಲು ಸ್ಟೀರಿಯೋ ಹತ್ತಲೇ ಇಲ್ಲ. ದೀಪವೂ ಇಲ್ಲ, ಸದ್ದೂ ಇಲ್ಲ. ಇಂಥ ಸ್ಟೀರಿಯೋ ಎರಡೂ ಪಕ್ಕದ ಕ್ಲಿಪ್ಪಿನ ಮೇಲೆ ಕೂತಿರುತ್ತದೆ. ಎರಡು ತೆಳು ತಗಡಿನ ಪಟ್ಟಿ ಪಕ್ಕಕ್ಕೆ ತೂರಿಸಿದರೆ ಪೂರ್ತಿ ಡಬ್ಬಿ ಮುಂದಕ್ಕೆ ಜಾರುತ್ತದೆ. ಹಿಂದೆ ಬಣ್ಣ ಬಣ್ಣದ ತಂತಿ. ಹಳದಿಯದು ಬ್ಯಾಟರಿಯಿಂದ ನೇರ ಬರುವುದು, ಗಡಿಯಾರ ಮತ್ತು ರೇಡಿಯೋ ನೆನಪು ಉಳಿಯುವುದು ಅದರಿಂದ. ಕೆಂಪಿನಲ್ಲಿ ಕೀಲಿ ತಿರುವಿದಾಗ ಮಾತ್ರ ಕರೆಂಟ್. ಕಪ್ಪು ತಂತಿ ಕಾರಿನ ಲೋಹದ ಮೈಗೆ. ಡಬ್ಬಿಯ ಬೆನ್ನಿಗೇ ಒಂದು 10 ಆಂಪಿಯರ್ ಫ್ಯೂಸ್ ಇತ್ತು. ಅದರೊಳಗಿನ ತಂತಿ ಸುಟ್ಟಿತ್ತು. ಅಂಗಡಿಯಲ್ಲಿ 10 ಇಲ್ಲ, 20ರದ್ದು ಹಾಕಿ ನಡೆಯುತ್ತದೆ ಅಂದರು. ನಾನು ಒಪ್ಪಲಿಲ್ಲ. ಫ್ಯೂಸ್ ಇರುವುದೇ ತಾನು ಸುಟ್ಟು ಯಂತ್ರ ಉಳಿಸಲಿಕ್ಕೆ. ಇನ್ನೊಂದು ಅಂಗಡಿಗೆ ಹೋಗಿ 10ರದ್ದೇ ತಂದೆ.

ಕೀಲಿಯನ್ನು ಒಂದು ಹೆಜ್ಜೆ ತಿರುವಿದೆ. ಹಸಿರು ದೀಪ ಬಂತು. ಎದೆ ಡವಡವ ಅಂತು. ಮೊದಲು ರೇಡಿಯೋ ಹಚ್ಚಿದೆ. ಆಕಾಶವಾಣಿ ಕಲಬುರಗಿ ಕೇಳಿಸಿತು. ಇದು ಒಳ್ಳೆಯ ಉಪಾಯ. ರೇಡಿಯೋ ಸರಿಯಾಗಿ ಕೇಳಿಸಿದರೆ ಸ್ಪೀಕರ್ ಸರಿ ಇವೆ, ಆಂಪ್ಲಿಫೈಯರ್ ಸರಿ ಇದೆ ಅಂತ ಗೊತ್ತಾಗುತ್ತದೆ. ಮುಂದೆ ಏನೇ ತೊಂದರೆ ಬಂದರೂ ಅದು ಕ್ಯಾಸೆಟ್ ಓಡಿಸುವ ಭಾಗದ್ದೇ.

ಆಮೇಲೆ ಸಿನಿಮಾ ಕ್ಯಾಸೆಟ್ ತೆಗೆದುಕೊಂಡೆ. ಆಯಿಯದನ್ನು ಮುಟ್ಟಲಿಲ್ಲ. ಅಷ್ಟು ಬುದ್ಧಿ ಇತ್ತು, ಅದಕ್ಕೆ ಇವತ್ತಿಗೂ ಸಮಾಧಾನ.

ಕಾರಿನಲ್ಲಿ ಕ್ಯಾಸೆಟ್ ಹಚ್ಚುವುದನ್ನು ಅಪ್ಪ ನನಗೆ ಹೇಳಿಕೊಟ್ಟಿದ್ದು ಹೀಗೆ. ಕೇಳಬೇಕಾದ ಮಗ್ಗುಲು ಮೇಲೆ ಬರಬೇಕು. ರೀಲು ಕಾಣುವ ತೆರೆದ ಅಂಚು ಬಲಗಡೆಗೆ. ಒಳಗೆ ಹಾಕುವ ಮುಂಚೆ ಪೆನ್ಸಿಲ್ ತೂರಿಸಿ ಸಡಿಲು ರೀಲು ಬಿಗಿ ಮಾಡಬೇಕು. ಆಮೇಲೆ ಸುಮ್ನೆ ತಳ್ಳಬೇಕು, ಮುಕ್ಕಾಲು ಹೋದ ಮೇಲೆ ಯಂತ್ರ ತಾನೇ ಎಳೆದುಕೊಳ್ಳುತ್ತದೆ. ಗುದ್ದಬಾರದು. ಎರಡು ಬಾಣದ ಗುಂಡಿ ಇವೆ. ಒಂದನ್ನು ಒತ್ತಿದರೆ ಮುಂದೆ ಓಡುತ್ತದೆ, ಇನ್ನೊಂದನ್ನು ಒತ್ತಿದರೆ ಹಿಂದೆ. ಎರಡನ್ನೂ ಒಟ್ಟಿಗೆ ಅರ್ಧ ಒತ್ತಿದರೆ ಇನ್ನೊಂದು ಮಗ್ಗುಲು ಹಾಡತೊಡಗುತ್ತದೆ, ಕ್ಯಾಸೆಟ್ ತೆಗೆದು ತಿರುವಿ ಹಾಕುವ ಗೊಡವೆ ಇಲ್ಲ. ಯಾವ ಕಡೆ ಓಡುತ್ತಿದೆ ಅಂತ ಸಣ್ಣ ದೀಪದ ಬಾಣ ತೋರಿಸುತ್ತದೆ. ಕೊನೆಗೆ, ಕೀಲಿ ತೆಗೆಯುವ ಮುಂಚೆ ಕ್ಯಾಸೆಟ್ ಹೊರಗೆ ಬರಬೇಕು. ಈ ಒಂದು ವಿಷಯದಲ್ಲಿ ಅಪ್ಪ ಬಹಳ ಕಟ್ಟುನಿಟ್ಟು. ಮನೆ ಮುಂದೆ ಬಂದು ನಿಂತರೂ, “ಮೊದಲ ಕ್ಯಾಸೆಟ್ ತಗಿ, ಆಮ್ಯಾಲ ಇಳಿ” ಅನ್ನುತ್ತಿದ್ದರು. ಯಾಕೆ ಅಂತ ನಾನು ಕೇಳಿರಲಿಲ್ಲ.

ಎಲ್ಲ ಅಪ್ಪ ಹೇಳಿದಂತೆಯೇ ಮಾಡಿದೆ. ಹಾಡು ಬಂತು. ಎರಡು ನಿಮಿಷ ಚೆಂದ. ಆಮೇಲೆ ದನಿ ನಡುಗಿತು, ಮಂಕಾಯಿತು, ನಿಂತಿತು. ಹೊರಗೆ ತೆಗೆಯುವ ಗುಂಡಿ ಒತ್ತಿದರೆ ಕ್ಯಾಸೆಟ್ ಅರ್ಧ ಬಂದು ನಿಂತುಬಿಟ್ಟಿತು. ಕಂದು ಬಣ್ಣದ ರೀಲು ಒಳಗೇ ಸಿಕ್ಕಿಕೊಂಡಿತ್ತು. ಎಳೆಯಲು ಕೈ ಹಾಕಿದೆ. ಅವ್ವ ಕಿಟಕಿಯಿಂದ ಬಗ್ಗಿ ನೋಡುತ್ತಿದ್ದಳು.

“ಎಳೀಬ್ಯಾಡ. ಕೂದಲ ಸಿಕ್ಕ ಬಿಡಿಸಿದಂಗ ಸಾವಕಾಶ ಬಿಡಸು.”

ಕೀಲಿ ತೆಗೆದು, ಡಬ್ಬಿ ಹೊರಗೆ ಜಾರಿಸಿ, ಟಾರ್ಚ್ ಹಿಡಿದು ಊದಿನಕಡ್ಡಿಯ ಬಿದಿರು ತುದಿಯಿಂದ ಒಂದೊಂದೇ ಸುತ್ತು ಬಿಡಿಸಿದೆ. ಸ್ಕ್ರೂಡ್ರೈವರ್ ಒಳಗೆ ಹಾಕಬಾರದು. ಅದು ಟೇಪಿನಿಂದ ದನಿ ಓದುವ ಹೆಡ್ಡನ್ನು ಗೀರುತ್ತದೆ. ತುದಿ ಮ್ಯಾಗ್ನೆಟ್ ಆಗಿದ್ದರೆ ಟೇಪಿನಲ್ಲಿರುವ ದನಿಗೂ ಪೆಟ್ಟು. ಮುಕ್ಕಾಲು ಗಂಟೆ ಹಿಡಿಯಿತು. ಹೊರಗೆ ಬಂದ ರೀಲು ಒಂದಷ್ಟು ಉದ್ದ ನಿರಿಗೆ ನಿರಿಗೆ ಆಗಿತ್ತು. ಅದನ್ನು ನೋಡಿದ ಮೇಲೆ ನನಗೆ ರಾತ್ರಿ ನಿದ್ದೆ ಬರಲಿಲ್ಲ. ಆ ಜಾಗದಲ್ಲಿ ಆಯಿಯ ಕ್ಯಾಸೆಟ್ ಇದ್ದಿದ್ದರೆ?

ಸೂಪರ್ ಮಾರ್ಕೆಟ್‌ನ ಒಂದು ಗಲ್ಲಿಯಲ್ಲಿ ರೇಡಿಯೋ ರಿಪೇರಿ ಮಾಡುವ ಚಾಚಾ ಇದ್ದಾರೆ ಅಂತ ತಮ್ಮ ಹುಡುಕಿ ಹೇಳಿದ. ಊರಿನ ಹೆಸರು 2014ರಲ್ಲೇ ಕಲಬುರಗಿ ಆದರೂ ಅವರ ಬೋರ್ಡಿನ ಮೇಲೆ ಇನ್ನೂ ಗುಲ್ಬರ್ಗಾ. ಅಂಗಡಿ ಅಂದರೆ ಒಂದು ಮೇಜು, ಒಂದು ಸ್ಟೂಲು, ಗೋಡೆ ತುಂಬ ಡಬ್ಬಿಗಳು. ಈಗ ಹೆಚ್ಚಾಗಿ ಫ್ಯಾನು, ಮಿಕ್ಸರ್ ಬರುತ್ತವಂತೆ. ಸ್ಟೀರಿಯೋ ನೋಡಿದ ತಕ್ಷಣ ಅವರು ಕೈಯಲ್ಲಿದ್ದ ಮಿಕ್ಸರ್ ಪಕ್ಕಕ್ಕಿಟ್ಟರು.

ಮೇಲಿನ ತಗಡು ಬಿಚ್ಚಿ ಒಳಗೆ ತೋರಿಸಿದರು. ಬೆಂಕಿಕಡ್ಡಿಯಷ್ಟು ಸಣ್ಣ ಉಕ್ಕಿನ ಸರಳು, ಅದಕ್ಕೆ ಒತ್ತಿ ನಿಲ್ಲುವ ಒಂದು ರಬ್ಬರ್ ರೋಲರ್. ಇವೆರಡರ ನಡುವೆ ಸಿಕ್ಕ ರೀಲು ಒಂದೇ ವೇಗದಲ್ಲಿ ಮುಂದೆ ಹೋಗುತ್ತದೆ. ಹಾಗೆ ಬಂದ ರೀಲನ್ನು ಗಾಲಿ ಸುತ್ತಿಕೊಳ್ಳುತ್ತಾ ಹೋಗಬೇಕು.

“ನೋಡು ಬೇಟಿ, ಸರಳು ಟೇಪ್ ಕಳಸ್ತದ. ಗಾಲಿ ಸುತ್ಕೋತದ. ಗಾಲಿ ನಿಂತ್ರ ಟೇಪ್ ಎಲ್ಲಿ ಹೋಗಬೇಕು? ಮಷೀನಿನ ಹೊಟ್ಟ್ಯಾಗ ಹೋಗ್ತದ.”

ಗಾಲಿಯನ್ನು ತಿರುಗಿಸುವ ಸಣ್ಣ ರಬ್ಬರ್ ಚಕ್ರ ಗಟ್ಟಿಯಾಗಿ ಗಾಜಿನಂತೆ ನುಣುಪಾಗಿತ್ತು. ಜಾರುತ್ತಿತ್ತು. ಮೋಟಾರಿನ ಬೆಲ್ಟ್ ಸಡಿಲಾಗಿ ಹಿಗ್ಗಿತ್ತು. ದನಿ ನಡುಗಿದ್ದು ಅದಕ್ಕೇ. ಚಾಚಾ ಬೆಲ್ಟ್ ಬದಲಿಸಿದರು. ಚಕ್ರವನ್ನು ನಯವಾದ ಉಪ್ಪು ಕಾಗದದಿಂದ ಉಜ್ಜಿದರು. ಹತ್ತಿಯನ್ನು ಸ್ಪಿರಿಟ್‌ನಲ್ಲಿ ಅದ್ದಿ ಹೆಡ್ ಒರೆಸಿದರು. ಹತ್ತಿ ಕಂದು ಬಣ್ಣಕ್ಕೆ ಬಂತು. ಅದು ಟೇಪಿನಿಂದ ಉದುರಿದ ಪುಡಿ. ಟೇಪಿಗೆ ಹಚ್ಚಿರುವುದು ಕಬ್ಬಿಣದ ಆಕ್ಸೈಡ್, ಅಂದರೆ ತುಕ್ಕಿನ ಬಳಗದ್ದೇ ಪುಡಿ. ಹಾಡು ಇರುವುದು ಅದರಲ್ಲೇ. ಮೂರನೆಯ ಹತ್ತಿ ಬಿಳಿಯಾಗಿ ಬರುವವರೆಗೆ ಅವರು ಬಿಡಲಿಲ್ಲ.

ಅಪ್ಪನ ಕಟ್ಟುನಿಟ್ಟಿನ ಕಾರಣ ಅಲ್ಲೇ ಗೊತ್ತಾಯಿತು. ಕ್ಯಾಸೆಟ್ ಒಳಗಿದ್ದಾಗಲೇ ಕೀಲಿ ತೆಗೆದರೆ ಇಂಥ ಯಂತ್ರದಲ್ಲಿ ರಬ್ಬರ್ ರೋಲರ್ ಸರಳಿಗೆ ಒತ್ತಿಕೊಂಡೇ ಉಳಿಯುತ್ತದೆ. ದಿನಗಟ್ಟಲೆ ಹಾಗೇ ಇದ್ದರೆ ರಬ್ಬರಿನಲ್ಲಿ ಗುಳಿ ಬೀಳುತ್ತದೆ. ಆಮೇಲೆ ಪ್ರತಿ ಸುತ್ತಿಗೂ ಹಾಡು ಒಮ್ಮೆ ಎಡವುತ್ತದೆ. ಚಾಚಾ ರೋಲರನ್ನು ಉಗುರಿನಿಂದ ತಿರುವಿ ನೋಡಿ, “ಗೋಲ್ ಅದ. ಯಾರೋ ಛಂದ ಸಂಭಾಳಿಸ್ಯಾರ” ಅಂದರು. ನಾನು ಏನೂ ಮಾತಾಡಲಿಲ್ಲ. ಗಂಟಲು ಕಟ್ಟಿತ್ತು.

ಇನ್ನು ವೇಗದ ಕೆಲಸ. ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ನನಗೆ ತುಂಬ ಇಷ್ಟವಾದದ್ದು ಇದೇ.

1963ರಲ್ಲಿ ಫಿಲಿಪ್ಸ್ ಕಂಪನಿ ಈ ಕ್ಯಾಸೆಟ್ ಹೊರಗೆ ತಂದಾಗಲೇ ವೇಗ ಗೊತ್ತು ಮಾಡಿತ್ತು. ಸೆಕೆಂಡಿಗೆ 4.76 ಸೆಂಟಿಮೀಟರ್. ಪ್ರಪಂಚದ ಯಾವ ಮೂಲೆಯ ಕ್ಯಾಸೆಟ್ ಯಂತ್ರ ಆದರೂ ಅದೇ. ವೇಗ ಹೆಚ್ಚಾದರೆ ದನಿ ತೆಳ್ಳಗೆ, ಮೇಲಿನ ಸ್ವರಕ್ಕೆ ಹೋಗುತ್ತದೆ. ಕಮ್ಮಿಯಾದರೆ ದಪ್ಪ ಆಗುತ್ತದೆ. ಮೋಟಾರಿನ ಬೆನ್ನಿಗೆ ಒಂದು ಸಣ್ಣ ತೂತು, ಒಳಗೊಂದು ಸ್ಕ್ರೂ. ಅದನ್ನು ತಿರುವಿದರೆ ವೇಗ ಬದಲಾಗುತ್ತದೆ. ಆದರೆ ಸರಿಯಾದ ವೇಗ ಯಾವುದು ಅಂತ ತಿಳಿಯುವುದು ಹೇಗೆ?

ಚಾಚಾ ನನ್ನ ಹಾಳಾದ ಸಿನಿಮಾ ಕ್ಯಾಸೆಟ್ ಕೇಳಿದರು. ನಿರಿಗೆ ಬಿದ್ದ ರೀಲು ಕತ್ತರಿಸಿ ಎಸೆದರು. ಚೆನ್ನಾಗಿದ್ದ ಭಾಗದಿಂದ, ಹಾಡು ಇರುವ ಕಡೆಯಿಂದಲೇ, ದರ್ಜಿಯ ಟೇಪಿನಲ್ಲಿ ಅಳೆದು 4 ಮೀಟರ್ 76 ಸೆಂಟಿಮೀಟರ್ ತುಂಡು ತೆಗೆದರು. ಅದರ ಎರಡೂ ತುದಿಗೆ ಹಾಡು ಇಲ್ಲದ, ಕ್ಯಾಸೆಟ್ ಶುರುವಿನಲ್ಲಿ ಇರುತ್ತದಲ್ಲ, ಆ ಬಿಳಿ ಪಟ್ಟಿಯನ್ನು ಅಂಟಿಸಿದರು. ಈಗ ಇದನ್ನು ಓಡಿಸಿದರೆ ಮೊದಲು ಮೌನ, ಆಮೇಲೆ ಹಾಡು, ಮತ್ತೆ ಮೌನ. ಸರಿಯಾದ ವೇಗದಲ್ಲಿ ಹಾಡು ಬರೋಬ್ಬರಿ 100 ಸೆಕೆಂಡ್ ಇರಬೇಕು. ಲೆಕ್ಕ ಅಷ್ಟೇ.

ಮೊಬೈಲ್‌ನ ಸ್ಟಾಪ್‌ವಾಚ್ ಹಿಡಿದು ನಾನು ಕೂತೆ. 96 ಸೆಕೆಂಡ್‌ಗೆ ಹಾಡು ಮುಗಿಯಿತು. ಬೇಗ ಓಡುತ್ತಿದೆ. ಹಿಂದೆ ಬೆಲ್ಟ್ ಸಡಿಲಾದಾಗ ಯಾರೋ ಬೆಲ್ಟ್ ಬದಲಿಸುವ ಬದಲು ಈ ಸ್ಕ್ರೂ ತಿರುವಿ ಕೆಲಸ ಮುಗಿಸಿರಬೇಕು ಅಂದರು ಚಾಚಾ. ಹೊಸ ಬೆಲ್ಟ್ ಬಿದ್ದ ಮೇಲೆ ಅದು ಜಾಸ್ತಿಯಾಯಿತು. ಕೂದಲೆಳೆಯಷ್ಟು ತಿರುವಿದರು. 98. ಮತ್ತೆ. 101. ಮತ್ತೆ ಹಿಂದೆ. ಒಂದು ಚಹಾ ಮುಗಿಯಿತು, ಇನ್ನೊಂದು ಬಂತು. 100 ಬಂದಾಗ ಇಬ್ಬರೂ ಒಟ್ಟಿಗೆ ತಲೆ ಎತ್ತಿದೆವು.

ಯಂತ್ರ ಸಿದ್ಧ ಆಯಿತು. ಆದರೆ ಆಯಿಯ ಕ್ಯಾಸೆಟ್ ಸಿದ್ಧ ಇರಲಿಲ್ಲ.

ಎಷ್ಟೋ ಬೇಸಿಗೆ ಅದು ಕಾರಿನಲ್ಲೇ ಇತ್ತು. ನಮ್ಮ ಕಡೆ ಬೇಸಿಗೆ ಅಂದರೆ ಗೊತ್ತಲ್ಲ, ಬಿಸಿಲು 40 ಡಿಗ್ರಿ ದಾಟುತ್ತದೆ. ಮುಚ್ಚಿದ ಕಾರಿನ ಒಳಗೆ ಅದಕ್ಕಿಂತ ಎಷ್ಟೋ ಹೆಚ್ಚು. ಕ್ಯಾಸೆಟ್ಟನ್ನು ಮೇಜಿನ ಮೇಲಿಟ್ಟರೆ ಒಂದು ಮೂಲೆ ಎದ್ದು ನಿಲ್ಲುತ್ತಿತ್ತು. ಪ್ಲಾಸ್ಟಿಕ್ ಸೊಟ್ಟಗಾಗಿತ್ತು. ತೆರೆದ ಅಂಚಿನ ನಡುವೆ ರೀಲಿನ ಬೆನ್ನಿಗೆ ಒಂದು ಪುಟ್ಟ ಬಟ್ಟೆಯ ಮೆತ್ತೆ ಇರುತ್ತದೆ, ತೆಳು ಹಿತ್ತಾಳೆ ಪಟ್ಟಿಯ ಮೇಲೆ. ರೀಲನ್ನು ಹೆಡ್ಡಿಗೆ ಒತ್ತಿ ಹಿಡಿಯುವುದು ಅದರ ಕೆಲಸ. ಆ ಮೆತ್ತೆ ಅಂಟು ಒಣಗಿ ಬಿದ್ದು ಹೋಗಿತ್ತು. ಹೀಗೇ ಹಚ್ಚಿದ್ದರೆ ದನಿ ಬಂದು ಹೋಗಿ, ಬಂದು ಹೋಗಿ ಆಗುತ್ತಿತ್ತು.

ಹೊಸ ಚಿಪ್ಪಿಗೆ ರೀಲು ಬದಲಿಸಬೇಕು ಅಂದರು ಚಾಚಾ. ಅಂಟಿಸಿದ ಚಿಪ್ಪು ತಗೋಬೇಡ, ಐದು ಸ್ಕ್ರೂ ಇರುವುದು ತಗೋ ಅಂತ ತಮ್ಮ ಡಬ್ಬಿಯಿಂದ ಒಂದು ಖಾಲಿ ಕ್ಯಾಸೆಟ್ ಕೊಟ್ಟರು. “ನೀನೇ ಮಾಡು. ಮನೀದು ಅದ, ಮನಿಯವರ ಕೈಲೇ ಆಗಬೇಕು.” ಅದಕ್ಕೆ ಹಣ ತೆಗೆದುಕೊಳ್ಳಲಿಲ್ಲ.

ಭಾನುವಾರ ಬೆಳಿಗ್ಗೆ ಊಟದ ಮೇಜು ಒರೆಸಿ ಬಿಳಿ ಪಂಚೆ ಹಾಸಿದೆ. ಫ್ಯಾನ್ ಬಂದ್ ಮಾಡಿದೆ. ಒಮ್ಮೆ ಗಾಳಿಗೆ ರೀಲು ಬಿಚ್ಚಿದರೆ ಮುಗಿಯಿತು. ಕಿಟಕಿಯೂ ಮುಚ್ಚಿದೆ. ಏಪ್ರಿಲ್ ತಿಂಗಳು. ಅವ್ವ ಪಕ್ಕದಲ್ಲಿ ಸೆರಗಿನಿಂದ ನನ್ನ ಹಣೆಯ ಬೆವರು ಒರೆಸುತ್ತಾ ಕೂತಳು. ಬೆವರಿನ ಒಂದು ಹನಿಯೂ ಅದರ ಮೇಲೆ ಬೀಳಬಾರದಲ್ಲ.

ಮೊದಲು ಹೊಸ ಚಿಪ್ಪು ಬಿಚ್ಚಿ ಮೊಬೈಲ್‌ನಲ್ಲಿ ಫೋಟೋ ತೆಗೆದೆ. ಎರಡು ಗಾಲಿ. ಅವುಗಳ ಕೆಳಗೆ ಮತ್ತು ಮೇಲೆ ಜಾರಿಕೆಗೆ ಒಂದೊಂದು ತೆಳು ಹಾಳೆ. ಮುಂದಿನ ಎರಡು ಮೂಲೆಗೆ ಎರಡು ಪುಟ್ಟ ರೋಲರ್. ನಡುವೆ ಮೆತ್ತೆಯ ಪಟ್ಟಿ. ರೀಲು ಒಂದು ಗಾಲಿಯಿಂದ ಹೊರಟು ಮೂಲೆಯ ರೋಲರ್ ಬಳಸಿ, ಮೆತ್ತೆಯ ಮುಂದಿನಿಂದ ಹಾದು, ಇನ್ನೊಂದು ರೋಲರ್ ಬಳಸಿ ಎರಡನೇ ಗಾಲಿಗೆ ಹೋಗುತ್ತದೆ. ಹಳೆ ಚಿಪ್ಪು ಅಂಟಿಸಿದ್ದು, ಸ್ಕ್ರೂ ಇರಲಿಲ್ಲ. ಅಂಚಿನ ಗುಂಟ ಚಾಕುವಿನ ತುದಿ ಒತ್ತಿ ಒಂದು ಕಡೆಯಿಂದ ಬಿಡಿಸುತ್ತಾ ಬಂದೆ. ಟಪ್ ಅಂತ ಒಂದೊಂದು ಸದ್ದಿಗೂ ಅವ್ವ “ಶರಣಬಸಪ್ಪಾ” ಅನ್ನುತ್ತಿದ್ದಳು. ಎರಡೂ ಗಾಲಿಯನ್ನು ಒಟ್ಟಿಗೆ, ರೊಟ್ಟಿ ಎತ್ತುವಂತೆ ಎರಡೂ ಕೈಯಲ್ಲಿ ಎತ್ತಿ ಹೊಸ ಚಿಪ್ಪಿನಲ್ಲಿ ಇಟ್ಟೆ. ರೀಲಿನ ಹೊಳೆಯುವ ಮೈಗೆ ಬೆರಳು ತಾಗಿಸಲಿಲ್ಲ. ಮುಚ್ಚಳ ಹಾಕಿ, ಸ್ಕ್ರೂಗಳನ್ನು ಮೂಲೆಯಿಂದ ಎದುರು ಮೂಲೆಗೆ ಬಿಗಿ ಮಾಡಿದೆ. ಜಾಸ್ತಿ ಬಿಗಿಯಾದರೆ ಗಾಲಿ ತಿರುಗುವುದಿಲ್ಲ. ಹಿಂದಿನ ಅಂಚಿನ ಎರಡು ಸಣ್ಣ ಪ್ಲಾಸ್ಟಿಕ್ ಚೂರು ಮುರಿದೆ. ಅವು ಇಲ್ಲದಿದ್ದರೆ ಯಾವ ಟೇಪ್ ರೆಕಾರ್ಡರ್ ಕೂಡ ತಪ್ಪಿ ಇದರ ಮೇಲೆ ಬೇರೆ ದನಿ ತುಂಬಿಸಲಾರದು. ಹಳೆ ಚಿಪ್ಪಿನ ಮೇಲಿದ್ದ ಅಪ್ಪನ ಅಕ್ಷರದ ಚೀಟಿಯನ್ನು ಬಿಸಿ ನೀರಿನ ಹಬೆ ಹಿಡಿದು ಬಿಡಿಸಿ ಹೊಸದಕ್ಕೆ ಅಂಟಿಸಿದೆ.

ಆಮೇಲೆ ಪೆನ್ಸಿಲ್. ಆರು ಮೂಲೆಯ ಪೆನ್ಸಿಲ್ಲೇ ಬೇಕು, ಗಾಲಿಯ ಒಳಗೆ ಆರು ಹಲ್ಲು ಇರುತ್ತವೆ. ವರ್ಷಗಟ್ಟಲೆ ಸುತ್ತಿಕೊಂಡೇ ಇದ್ದ ರೀಲು ಪದರಕ್ಕೆ ಪದರ ಅಂಟಿರಬಹುದು. ಮಷೀನಿನಲ್ಲಿ ಜೋರಾಗಿ ಓಡಿಸಿದರೆ ಹರಿಯಬಹುದು. ಅದಕ್ಕೆ ಮೊದಲು ಕೈಯಿಂದ ಒಮ್ಮೆ ಪೂರ್ತಿ ಸುತ್ತಬೇಕು. 60 ನಿಮಿಷದ ಕ್ಯಾಸೆಟ್‌ನಲ್ಲಿ ಸುಮಾರು 90 ಮೀಟರ್ ರೀಲು. ಒಂದು ಕೊನೆಯಿಂದ ಇನ್ನೊಂದು ಕೊನೆಗೆ ಸುಮಾರು ಎಂಟುನೂರು ಸುತ್ತು. ನಾನು ನೂರು ಸುತ್ತಿದರೆ ಅವ್ವ ನೂರು. ಒಂದು ಕಡೆ ಅಂಟಿಕೊಂಡು ಬಿಗಿ ಆಯಿತು. ನಿಂತೆವು, ಕ್ಯಾಸೆಟ್ಟನ್ನು ಅಂಗೈಗೆ ಮೆಲ್ಲಗೆ ತಟ್ಟಿದೆವು, ಮತ್ತೆ ಸುತ್ತಿದೆವು. ಬಿಟ್ಟಿತು. ಮತ್ತೆ ಅಷ್ಟೇ ಸುತ್ತು ವಾಪಸ್. ಅವ್ವ ಪೆನ್ಸಿಲ್ ತಿರುವುವ ರೀತಿ ನೋಡುತ್ತಿದ್ದೆ. ಬೀಸುಕಲ್ಲಿನ ಗೂಟ ಹಿಡಿದಂತೆ ಅದೇ ಲಯ, ಅದೇ ಭುಜ.

ಸಂಜೆ ಬಿಸಿಲು ಇಳಿದ ಮೇಲೆ ಕಾರಿನಲ್ಲಿ ಕೂತೆವು. ಇಂಜಿನ್ ಹಚ್ಚಲಿಲ್ಲ, ಕೀಲಿ ಒಂದೇ ಹೆಜ್ಜೆ. ಇಂಜಿನ್ ಓಡುತ್ತಿದ್ದರೆ ಸ್ಪೀಕರ್‌ನಲ್ಲಿ ಕುಂಯ್ ಅನ್ನುವ ಸದ್ದು ಸೇರುತ್ತದೆ. ಕಿಟಕಿ ಏರಿಸಿದೆವು. ಮೊಬೈಲ್ ಸೀಟಿನ ಮೇಲಿಟ್ಟು ರೆಕಾರ್ಡಿಂಗ್ ಹಚ್ಚಿದೆ. ಹಳೆಯ ಟೇಪು ಮೊದಲ ಸಲವೇ ಹರಿಯಬಹುದು. ಆ ಮೊದಲ ಸಲವೇ ಉಳಿಸಿಕೊಳ್ಳಬೇಕು. ಟೇಪಿನ ಸುಯ್ ಸದ್ದು ಕಮ್ಮಿ ಮಾಡುವ ಡಾಲ್ಬಿ ಗುಂಡಿ ಆಫ್. ಅಪ್ಪನ ಟೂ-ಇನ್-ಒನ್‌ನಲ್ಲಿ ಡಾಲ್ಬಿ ಇರಲಿಲ್ಲ. ಇಲ್ಲದ್ದಕ್ಕೆ ಇಲ್ಲಿ ಹಚ್ಚಿದರೆ ಚೂಪು ಸದ್ದು ಸತ್ತು ದನಿ ಮಂಕಾಗುತ್ತದೆ. ತಳ್ಳಿದೆ. ಯಂತ್ರ ಎಳೆದುಕೊಂಡಿತು.

ಸುಯ್ ಅನ್ನುವ ಸದ್ದು. ಎಲ್ಲೋ ದೂರ ಒಂದು ಕರು ಕೂಗಿತು. ಬೀಸುಕಲ್ಲಿನ ಗರಗರ. ಆಮೇಲೆ ಆಯಿ.

ಅವ್ವ ಬಾಯಿಗೆ ಸೆರಗು ಒತ್ತಿ ಕೇಳಿದಳು. ಒಂದು ಪದ ಮುಗಿಯಿತು. ಎರಡನೆಯದು ಶುರುವಾಯಿತು. ಕಣ್ಣೀರು ಬರುತ್ತದೆ ಅಂದುಕೊಂಡಿದ್ದೆ. ಅವಳ ಹುಬ್ಬು ಗಂಟಿಕ್ಕಿತ್ತು.

“ಪದ ನಮ್ಮವ್ವಂದೇ. ದನಿ ಅಲ್ಲ.”

“ಯಾಕವ್ವ?”

“ತೆಳ್ಳಗ ಅದ. ನಮ್ಮವ್ವಂದು ತುಂಬಿದ ದನಿ ಇತ್ತು. ಇದು ಯಾರೋ ಸಣ್ಣ ಹುಡುಗಿ ಹಾಡಿದಂಗ ಅದ.”

ನನಗೆ ನಂಬಿಕೆ ಬರಲಿಲ್ಲ. 100 ಸೆಕೆಂಡ್ ಲೆಕ್ಕ ನಾನೇ ಕೂತು ಮಾಡಿದ್ದೆ. ಯಂತ್ರ ಸರಿ ಇತ್ತು. ಮೂವತ್ತು ವರ್ಷ ಆಯಿತಲ್ಲ, ಅವ್ವನಿಗೇ ಮರೆತಿರಬೇಕು ಅನಿಸಿತು. ಹಾಗಂತ ಹೇಳಲಿಲ್ಲ. ರಾತ್ರಿ ಚಿಕ್ಕವ್ವನಿಗೆ ಫೋನ್ ಮಾಡಿದೆ. ಅವತ್ತಿನ ದಿನ ಏನೇನಾಯಿತು ಅಂತ ಕೇಳಿದೆ. ಅವಳು ಮದುವೆಯ ಕಥೆ ಎಲ್ಲ ಹೇಳಿ ನಡುವೆ ಒಂದು ಮಾತು ಅಂದಳು: “ಕರೆಂಟ್ ಎಲ್ಲಿತ್ತು ಆಗ? ನಿಮ್ಮಪ್ಪ ಸೆಲ್ ಹಾಕಿ ಟೇಪ್ ಮಾಡಿದ್ರು. ಸೆಲ್ ಮುಗೀಲಿಕತ್ತಾವ ಅಂತ ಗಡಿಬಿಡಿ ಮಾಡ್ತಿದ್ರು.”

ಮರುದಿನ ಬೆಳಿಗ್ಗೆ ಓಡಿಹೋಗಿ ಚಾಚಾಗೆ ಹೇಳಿದೆ. ಅವರು ಮೇಜು ತಟ್ಟಿದರು. ಸೆಲ್ಲಿನ ಜೀವ ಕಮ್ಮಿಯಾದರೆ ಮೋಟಾರ್ ನಿಧಾನ ತಿರುಗುತ್ತದೆ. ಟೇಪು ನಿಧಾನ ಓಡುವಾಗ ರೆಕಾರ್ಡ್ ಆದ ದನಿಯನ್ನು ಸರಿಯಾದ ವೇಗದಲ್ಲಿ ಓಡಿಸಿದರೆ ಅದು ಬೇಗ ಓಡುತ್ತದೆ, ತೆಳ್ಳಗೆ ಕೇಳುತ್ತದೆ. ನಮ್ಮ ಯಂತ್ರ ಸರಿ. ಅವ್ವನ ಕಿವಿಯೂ ಸರಿ. ತಪ್ಪಿದ್ದು 1994ರ ಆ ಸಂಜೆಯ ಸೆಲ್ಲು.

ಅವ್ವನನ್ನು ಕರೆದುಕೊಂಡು ಸಂಜೆ ಅಂಗಡಿ ಮುಂದೆ ಕಾರು ನಿಲ್ಲಿಸಿದೆ. ಚಾಚಾ ಮುಂದಿನ ಸೀಟಿನಲ್ಲಿ ಸ್ಟೀರಿಯೋವನ್ನು ತಂತಿ ಸಮೇತ ಮಡಿಲಲ್ಲಿಟ್ಟುಕೊಂಡು ಕೂತರು. ಅವ್ವ ಹಿಂದೆ ಕಣ್ಣು ಮುಚ್ಚಿ ಕೂತಳು.

“ಅಕ್ಕಾವ್ರ, ನೀವು ಹೇಳ್ರಿ. ನಾ ತಿರುವ್ತೀನಿ.”

“ಇನ್ನ ಜರಾ ಇಳಸ್ರಿ.”

“ಈಗ್ರಿ?”

“ಭಾಳ ಆತು. ಗಂಡಸರ ದನಿ ಆತು. ಹಿಂದಕ್ಕ ತರ್ರಿ.”

ಹೀಗೇ ಇಪ್ಪತ್ತು ನಿಮಿಷ. ಗಲ್ಲಿಯಲ್ಲಿ ಹೋಗುವವರು ನಿಂತು ನೋಡಿದರು. ಒಂದು ಸಲ ಅವ್ವ ಏನೂ ಹೇಳಲಿಲ್ಲ. ಚಾಚಾ ಸ್ಕ್ರೂಡ್ರೈವರ್ ಎತ್ತಿಕೊಂಡೇ ಕಾದರು. ಕನ್ನಡಿಯಲ್ಲಿ ನೋಡಿದೆ. ಅವ್ವನ ಕೆನ್ನೆ ಒದ್ದೆಯಾಗಿತ್ತು.

ಆಮೇಲೆ ಚಾಚಾ ಸುಮ್ನೆ ತಿಳಿಯಲಿಕ್ಕೆ ಅಂತ ಆ 4 ಮೀಟರ್ 76 ಸೆಂಟಿಮೀಟರಿನ ಕ್ಯಾಸೆಟ್ ಹಚ್ಚಿದರು. 104 ಸೆಕೆಂಡ್. ಅರ್ಧ ಸ್ವರಕ್ಕಿಂತಲೂ ಕಮ್ಮಿ, ಅಷ್ಟೇ ವ್ಯತ್ಯಾಸ. ಸ್ಕ್ರೂ ಅಲ್ಲೇ ಬಿಟ್ಟೆವು. ಈಗ ಈ ಕಾರಿನಲ್ಲಿ ಬೇರೆ ಯಾವ ಕ್ಯಾಸೆಟ್ ಹಾಕಿದರೂ ಹಾಡು ತುಸು ನಿಧಾನ. ಇರಲಿ. ಸೆಲ್ಲು ಹೋಗುತ್ತಾ ಹೋದದ್ದರಿಂದ ಎರಡನೇ ಮಗ್ಗುಲಿನ ಕೊನೆಯ ಎರಡು ಪದದಲ್ಲಿ ಆಯಿಯ ದನಿ ಮತ್ತೆ ಮೇಲಕ್ಕೆ ಏರುತ್ತದೆ. ಅದನ್ನೂ ಹಾಗೇ ಬಿಟ್ಟಿದ್ದೇವೆ.

ಇನ್ನೊಂದು ವಿಷಯ ನನ್ನನ್ನು ಕಾಡುತ್ತಿತ್ತು. ಪ್ರತಿ ಪದ ಶುರುವಾಗುವ ಮುಂಚೆ, ಎರಡು ಮೂರು ಸೆಕೆಂಡ್ ಮೊದಲೇ, ಅದೇ ಮೊದಲ ಸಾಲು ಬಹಳ ಸಣ್ಣಗೆ, ಬಾವಿಯೊಳಗಿಂದ ಬಂದಂತೆ ಕೇಳುತ್ತಿತ್ತು. ಹೆಡ್ ಕೆಟ್ಟಿದೆಯೇ ಅಂತ ಕೇಳಿದೆ. ಇಲ್ಲ ಅಂದರು. ರೀಲು ಸುತ್ತಿಕೊಂಡು ವರ್ಷಾನುಗಟ್ಟಲೆ ಇದ್ದಾಗ ಒಂದು ಪದರದ ದನಿ ಅದರ ಮೇಲಿನ ಪದರಕ್ಕೆ ಸ್ವಲ್ಪ ಇಳಿಯುತ್ತದೆ. ಶಾಯಿ ಒಣಗದ ಹಾಳೆ ಮುಂದಿನ ಹಾಳೆಗೆ ಹತ್ತುವಂತೆ. ಬಿಸಿಯಲ್ಲಿದ್ದರೆ ಇನ್ನೂ ಜಾಸ್ತಿ. ಒಂದು ಸುತ್ತಿಗೆ ಒಂದೂವರೆಯಿಂದ ಮೂರು ಸೆಕೆಂಡ್ ಹಿಡಿಯುತ್ತದಲ್ಲ, ಅದಕ್ಕೇ ಅಷ್ಟು ಮುಂಚೆ. ತೆಗೆಯಲು ಆಗುವುದಿಲ್ಲ ಅಂದರು. ನಾನು ತೆಗೆಯುವುದು ಬೇಡ ಅಂದೆ.

ಈಗ ಕ್ಯಾಸೆಟ್ ಕಾರಿನಲ್ಲಿ ಇಡುವುದಿಲ್ಲ. ಅವ್ವನ ಟ್ರಂಕಿನಲ್ಲಿ, ಡಬ್ಬಿಯಲ್ಲಿ, ನಿಲ್ಲಿಸಿ ಇಟ್ಟಿದ್ದೇವೆ. ಮೊಬೈಲ್‌ನಲ್ಲಿ ತುಂಬಿಸಿದ್ದನ್ನು ಮನೆಯವರಿಗೆಲ್ಲ ಕಳಿಸಿದ್ದೇನೆ. ಆದರೂ ಊರಿಗೆ ಹೋಗುವ ದಿನ ಅವ್ವ ಕ್ಯಾಸೆಟ್ಟನ್ನೇ ಬಟ್ಟೆಯಲ್ಲಿ ಸುತ್ತಿ ಚೀಲದಲ್ಲಿಟ್ಟುಕೊಳ್ಳುತ್ತಾಳೆ.

ಮೇ ತಿಂಗಳಲ್ಲಿ ಚಿಕ್ಕವ್ವನೂ ಬಂದಿದ್ದಳು. ಹಳ್ಳಿ ಮನೆಯ ಅಂಗಳದಲ್ಲಿ ಬೇವಿನ ನೆರಳಿಗೆ ಕಾರು ನಿಲ್ಲಿಸಿದೆ. ಬಾಗಿಲು ನಾಲ್ಕೂ ತೆರೆದೆವು. ಇಬ್ಬರೂ ಹಿಂದಿನ ಸೀಟಿನಲ್ಲಿ ಕೂತರು. ಅಪ್ಪ ಹೇಳಿಕೊಟ್ಟಂತೆ ತೆರೆದ ಅಂಚು ಬಲಕ್ಕೆ ಹಿಡಿದು ತಳ್ಳಿದೆ. ಮೊದಲ ಪದ ಮುಗಿಯಿತು. ಬೀಸುಕಲ್ಲು ನಿಂತಿತು. ಸುಯ್ ಅನ್ನುವ ಸದ್ದು ಮಾತ್ರ ಉಳಿಯಿತು.

ಅದರೊಳಗೆ ಆ ಸಣ್ಣ ದನಿ ಬಂತು. ನನಗೆ ಕೇಳಿತೋ ಇಲ್ಲವೋ ಅನ್ನುವಷ್ಟು. ಅವ್ವ ಚಿಕ್ಕವ್ವನ ಕೈ ಹಿಡಿದು, “ಬಂದಳು” ಅಂದಳು. ಇಬ್ಬರೂ ಉಸಿರು ತೆಗೆದುಕೊಂಡರು. ಆಯಿ ಪದ ಎತ್ತಿಕೊಂಡಾಗ ಮೂವರೂ ಒಟ್ಟಿಗೆ ಎತ್ತಿಕೊಂಡರು.